ತರಂಗಾಂತರ ಹಂಚಿಕೆ: ಬೊಕ್ಕಸದ ಲೆಕ್ಕ ಮತ್ತು ಬಳಕೆಯ ಲೆಕ್ಕ

ಭೂಮಿ, ನೀರು, ಖನಿಜಗಳಂತೆ ರೇಡಿಯೋ ತರಂಗಾಂತರವೂ ರಾಷ್ಟ್ರದ ಸಂಪತ್ತು. ಕಣ್ಣಿಗೆ ಕಾಣದ, ತಕ್ಕಡಿಗೆ ಸಿಗದ ಈ ಸಂಪತ್ತನ್ನು ಮೊಬೈಲ್ ಸೇವೆ, ಆಕಾಶವಾಣಿ, ವಿಮಾನ ಸಂಚಾರ, ರಕ್ಷಣಾ ಪಡೆಗಳ ಸಂಪರ್ಕ ಇವೆಲ್ಲವೂ ಅವಲಂಬಿಸಿವೆ. ಆಕಾಶತರಂಗಗಳು ಸಾರ್ವಜನಿಕ ಆಸ್ತಿ ಎಂಬುದನ್ನು ಸುಪ್ರೀಂ ಕೋರ್ಟ್ 1995ರಲ್ಲಿ, ಕ್ರಿಕೆಟ್ ಪಂದ್ಯಗಳ ಪ್ರಸಾರಕ್ಕೆ ಸಂಬಂಧಿಸಿದ ಪ್ರಕರಣದ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಈ ಆಸ್ತಿಯನ್ನು ಯಾರಿಗೆ, ಯಾವ ವಿಧಾನದಿಂದ, ಯಾವ ಬೆಲೆಗೆ ವಹಿಸಿಕೊಡಬೇಕು ಎಂಬ ನಿರ್ಧಾರವು ದೊಡ್ಡ ದೂರಸಂಪರ್ಕ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ದೈನಂದಿನ ವೆಚ್ಚದ ಮೇಲೂ ಅದರ ಪರಿಣಾಮವಿದೆ.

ಸಂಪತ್ತಿನ ಸ್ವರೂಪ

ತರಂಗಾಂತರಕ್ಕೆ ಎರಡು ವಿಶೇಷ ಗುಣಗಳಿವೆ. ಮೊದಲನೆಯದಾಗಿ, ಒಂದೇ ಪ್ರದೇಶದಲ್ಲಿ ಒಂದೇ ಆವರ್ತನವನ್ನು ಹಲವರು ಪ್ರಬಲವಾಗಿ ಬಳಸಿದರೆ ಪರಸ್ಪರ ಅಡಚಣೆಯಾಗುತ್ತದೆ. ಆದುದರಿಂದ ನಿಯಂತ್ರಣ ಅನಿವಾರ್ಯ. ಭಾರತದಲ್ಲಿ ಈ ಹೊಣೆಯನ್ನು 1952ರಲ್ಲಿ ಸ್ಥಾಪಿತವಾದ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗವು ನಿರ್ವಹಿಸುತ್ತಿದೆ. ಎರಡನೆಯದಾಗಿ, ತರಂಗಾಂತರವು ಬಳಸಿದರೆ ಸವೆಯುವುದಿಲ್ಲ, ಬಳಸದಿದ್ದರೆ ಉಳಿಯುವುದೂ ಇಲ್ಲ. ಬಳ್ಳಾರಿಯ ಅದಿರನ್ನು ಈ ವರ್ಷ ಅಗೆಯದಿದ್ದರೆ ಅದು ಮುಂದಿನ ವರ್ಷಕ್ಕೆ ನೆಲದಲ್ಲಿಯೇ ಇರುತ್ತದೆ. ತರಂಗಾಂತರವನ್ನು ಹಾಗೆ ಕೂಡಿಡಲಾಗದು. ಖಾಲಿ ಆಸನದೊಂದಿಗೆ ಹೊರಟ ಬಸ್ಸಿಗೆ ಆ ಪ್ರಯಾಣದ ಆದಾಯ ಹೇಗೆ ಮರಳಿ ಬಾರದೋ, ಬಳಕೆಯಿಲ್ಲದೆ ಕಳೆದ ಅವಧಿಯ ಪ್ರಯೋಜನವೂ ಹಾಗೆಯೇ ನಷ್ಟವಾಗುತ್ತದೆ.

ಎರಡು ವಿಧಾನಗಳ ಅನುಭವ

2008ರ ಜನವರಿಯಲ್ಲಿ 122 ಪರವಾನಗಿಗಳನ್ನು ಮೊದಲು ಬಂದವರಿಗೆ ಆದ್ಯತೆ ಎಂಬ ಕ್ರಮದಲ್ಲಿ ನೀಡಲಾಯಿತು. ದೇಶವ್ಯಾಪಿ ಪ್ರವೇಶ ಶುಲ್ಕ 2001ರ ದರದಂತೆ ಸುಮಾರು 1,658 ಕೋಟಿ ರೂಪಾಯಿ ಮಾತ್ರ ಇದ್ದಿತು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ಇವೆಲ್ಲವನ್ನೂ ರದ್ದುಗೊಳಿಸಿತು. ಕ್ರಿಮಿನಲ್ ಪ್ರಕರಣದ ಆರೋಪಿಗಳನ್ನು ವಿಶೇಷ ನ್ಯಾಯಾಲಯವು 2017ರಲ್ಲಿ ಖುಲಾಸೆಗೊಳಿಸಿತಾದರೂ, ಹಳೆಯ ಹಂಚಿಕೆ ಪದ್ಧತಿಯ ಮೇಲಿನ ವಿಶ್ವಾಸ ಮರಳಲಿಲ್ಲ.

ಹರಾಜಿನ ಶಕ್ತಿಯನ್ನು 2010ರ ಮೂರನೇ ತಲೆಮಾರಿನ ತರಂಗಾಂತರ ಮಾರಾಟವು ತೋರಿಸಿದ್ದಿತು. ದೇಶವ್ಯಾಪಿ 5 ಮೆಗಾಹರ್ಟ್ಸ್‌ಗೆ 3,500 ಕೋಟಿ ರೂಪಾಯಿ ಮೂಲಬೆಲೆಯಿಂದ ಆರಂಭವಾದ ಸ್ಪರ್ಧೆ ಸುಮಾರು 16,750 ಕೋಟಿಯವರೆಗೆ ಏರಿತು. ಸರ್ಕಾರ ಊಹಿಸಲಾಗದ ಬೆಲೆಯನ್ನು ಮಾರುಕಟ್ಟೆಯೇ ಕಂಡುಕೊಂಡಿತು.

ಆದರೆ ಮಾರುಕಟ್ಟೆ ಕಂಡುಕೊಳ್ಳಬೇಕಾದ ಬೆಲೆಯನ್ನು ಸರ್ಕಾರವೇ ಮೊದಲು ಎತ್ತರದಲ್ಲಿ ನಿಗದಿಪಡಿಸಿದರೆ ಹರಾಜೂ ಸೋಲುತ್ತದೆ. 2012ರ ನವೆಂಬರ್‌ನಲ್ಲಿ 5 ಮೆಗಾಹರ್ಟ್ಸ್‌ಗೆ ದೇಶವ್ಯಾಪಿ ಮೂಲಬೆಲೆ 14,000 ಕೋಟಿ ರೂಪಾಯಿ ಎಂದು ನಿಗದಿಯಾಗಿತ್ತು. ಆಗ 1800 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಕರ್ನಾಟಕ, ದೆಹಲಿ, ಮುಂಬಯಿ ಮತ್ತು ರಾಜಸ್ಥಾನ ವಲಯಗಳಿಗೆ ಒಂದೇ ಒಂದು ಬಿಡ್ ಬರಲಿಲ್ಲ.

700 ಮೆಗಾಹರ್ಟ್ಸ್ ಬ್ಯಾಂಡ್‌ನ ಇತಿಹಾಸ ಇನ್ನೂ ಬೋಧಪ್ರದ. ಈ ಬ್ಯಾಂಡ್‌ನ ಸಂಕೇತಗಳು ಬಹುದೂರ ಸಾಗುತ್ತವೆ, ಗೋಡೆಗಳನ್ನೂ ಸುಲಭವಾಗಿ ದಾಟುತ್ತವೆ. ಕಡಿಮೆ ಗೋಪುರಗಳಿಂದ ಗ್ರಾಮಾಂತರ ಪ್ರದೇಶವನ್ನು ತಲುಪಲು ಇದು ಸೂಕ್ತ. 2016ರಲ್ಲಿ ಇದರ ದೇಶವ್ಯಾಪಿ ಮೂಲಬೆಲೆ ಪ್ರತಿ ಮೆಗಾಹರ್ಟ್ಸ್‌ಗೆ 11,485 ಕೋಟಿ ರೂಪಾಯಿ ಇದ್ದು, ಖರೀದಿದಾರರು ಮುಂದೆ ಬರಲಿಲ್ಲ. 2021ರಲ್ಲಿಯೂ ಇದೇ ಸ್ಥಿತಿ. 2022ರಲ್ಲಿ ಬೆಲೆಯನ್ನು 3,927 ಕೋಟಿಗೆ ಇಳಿಸಿದ ಮೇಲೆ ಒಂದು ಕಂಪನಿ ದೇಶದಾದ್ಯಂತ 10 ಮೆಗಾಹರ್ಟ್ಸ್ ಕೊಂಡಿತು. ಅಷ್ಟರಲ್ಲಿ ಐದನೇ ತಲೆಮಾರಿನ ತಂತ್ರಜ್ಞಾನದ ಬೇಡಿಕೆಯೂ ಕೂಡಿಬಂದಿತ್ತೆಂಬುದು ನಿಜ. ಆದರೂ ಆರು ವರ್ಷ ಬೊಕ್ಕಸಕ್ಕೆ ಹಣವೂ ಇಲ್ಲ, ಹಳ್ಳಿಗೆ ಸೇವೆಯೂ ಇಲ್ಲ ಎಂಬಂತಾಯಿತು.

ಪರವಾನಗಿ ಬೇಡದ ಬ್ಯಾಂಡ್‌ಗಳು

ಮೂರನೆಯ ಮಾರ್ಗವೊಂದಿದೆ. ಅಲ್ಪ ಶಕ್ತಿಯ ಉಪಕರಣಗಳು ನಿಗದಿತ ಮಿತಿಯೊಳಗೆ ಒಂದೇ ಬ್ಯಾಂಡನ್ನು ಶುಲ್ಕವಿಲ್ಲದೆ ಹಂಚಿಕೊಳ್ಳಬಹುದು. 2005ರಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಹೀಗೆ ಮುಕ್ತಗೊಳಿಸಲಾಯಿತು. ಅಂಗಡಿ, ಕಚೇರಿಗಳ ವೈಫೈ ಮತ್ತು ಬ್ಲೂಟೂತ್ ಇದರ ಫಲ. ಅದೇ ವರ್ಷ ಮುಕ್ತವಾದ 865–867 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಸರಕು ಗುರುತಿನ ಆರ್‌ಎಫ್‌ಐಡಿ ಚೀಟಿಗಳು ಕಾರ್ಯನಿರ್ವಹಿಸುತ್ತವೆ. ಟೋಲ್ ಕೇಂದ್ರದ ಫಾಸ್ಟ್ಯಾಗ್ ಕೂಡ ಇದನ್ನೇ ಬಳಸುತ್ತದೆ. 2018ರಲ್ಲಿ 5 ಗಿಗಾಹರ್ಟ್ಸ್ ಶ್ರೇಣಿಯ 605 ಮೆಗಾಹರ್ಟ್ಸ್ ಮುಕ್ತವಾಯಿತು. ಇವುಗಳಿಂದ ಹರಾಜಿನ ಹಣ ಬರಲಿಲ್ಲ. ಆದರೆ ಸಾಮಾನ್ಯ ವ್ಯಾಪಾರಿಯೂ ದುಬಾರಿ ಪರವಾನಗಿಯಿಲ್ಲದೆ ಆಧುನಿಕ ತಂತ್ರಜ್ಞಾನ ಬಳಸಲು ಸಾಧ್ಯವಾಯಿತು.

ಉದ್ಯಮಿಗಳು ಗಮನಿಸಬೇಕಾದುದು

ಪರವಾನಗಿ ಬೇಡ ಎಂದರೆ ನಿಯಮವೇ ಇಲ್ಲ ಎಂದು ಅರ್ಥವಲ್ಲ. ಇಂತಹ ಉಪಕರಣಗಳ ತಯಾರಕರು ಹಾಗೂ ಆಮದುದಾರರು ಉಪಕರಣ ಮಾದರಿ ಅನುಮೋದನೆ ಪಡೆಯಬೇಕು. 2019ರಿಂದ ಅನೇಕ ಉಪಕರಣಗಳಿಗೆ ಇದು ಸ್ವಯಂ ಘೋಷಣೆಯ ಮೂಲಕ ದೊರೆಯುತ್ತಿದೆ. ವಿದೇಶಿ ಯಂತ್ರ ಕೊಳ್ಳುವವರು ಬ್ಯಾಂಡನ್ನು ಪರಿಶೀಲಿಸುವುದು ಅವಶ್ಯ. ಅಮೆರಿಕದ ಆರ್‌ಎಫ್‌ಐಡಿ ಯಂತ್ರಗಳು 902–928 ಮೆಗಾಹರ್ಟ್ಸ್‌ನಲ್ಲಿ ಕಾರ್ಯನಿರ್ವಹಿಸುತ್ತವೆ. ಭಾರತದಲ್ಲಿ ಅದರ ಒಂದು ಭಾಗ ಮೊಬೈಲ್ ಸೇವೆಗೆ ಮೀಸಲಾಗಿರುವುದರಿಂದ, ಇಲ್ಲಿ ಅವುಗಳ ಬಳಕೆ ಕಾನೂನುಬಾಹಿರವಾಗುವುದಲ್ಲದೆ ನೆರೆಹೊರೆಯ ದೂರವಾಣಿಗಳಿಗೂ ತೊಂದರೆ ಉಂಟುಮಾಡಬಹುದು.

2023ರ ದೂರಸಂಪರ್ಕ ಅಧಿನಿಯಮವು ಹರಾಜನ್ನು ಸಾಮಾನ್ಯ ನಿಯಮವಾಗಿಸಿ, ರಕ್ಷಣೆ, ವಿಪತ್ತು ನಿರ್ವಹಣೆ, ಕೆಲವು ಉಪಗ್ರಹ ಸೇವೆ ಮುಂತಾದ ಉದ್ದೇಶಗಳಿಗೆ ಆಡಳಿತಾತ್ಮಕ ಹಂಚಿಕೆಯನ್ನು ಉಳಿಸಿದೆ. ಸಾಕಷ್ಟು ಕಾರಣವಿಲ್ಲದೆ ಬಳಸದೆ ಇಟ್ಟುಕೊಂಡ ತರಂಗಾಂತರವನ್ನು ಹಿಂಪಡೆಯಲೂ ಅದರಲ್ಲಿ ಅವಕಾಶವಿದೆ. ಇದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಕೊಂಡವರು ಬಳಸದಿದ್ದಾಗ ಆಗುವಷ್ಟೇ ನಷ್ಟ, ಹೆಚ್ಚಿನ ಮೂಲಬೆಲೆಯಿಂದ ಮಾರಾಟವೇ ಆಗದಿದ್ದಾಗಲೂ ಆಗುತ್ತದೆ. ಹರಾಜಿನ ಯಶಸ್ಸನ್ನು ಬೊಕ್ಕಸಕ್ಕೆ ಬಂದ ಕೋಟಿಗಳಿಂದ ಮಾತ್ರ ಅಳೆಯದೆ, ಎಷ್ಟು ತರಂಗಾಂತರ ಬಳಕೆಗೆ ಬಂದಿತು, ಎಷ್ಟು ಊರುಗಳನ್ನು ತಲುಪಿತು ಎಂಬುದರಿಂದಲೂ ಅಳೆಯಬೇಕು. ನಿಯಂತ್ರಣ ಪ್ರಾಧಿಕಾರವು ಸಮಾಲೋಚನಾ ಪತ್ರಗಳನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ವಾಣಿಜ್ಯ ಸಂಘಗಳು ಆ ಸಂದರ್ಭದಲ್ಲಿ ಸಣ್ಣ ಬಳಕೆದಾರರ ಈ ಲೆಕ್ಕವನ್ನು ಮುಂದಿಡುವುದು ಉಚಿತ.