ಮೊಣಕಾಲು ನೋವು: ಸೂಜಿ, ಸಣ್ಣ ಚಿಕಿತ್ಸೆ, ಶಸ್ತ್ರಕ್ರಿಯೆ – ಯಾವುದು ಯಾರಿಗೆ?

ಸುಜೂದ್‌ನಿಂದ ಏಳುವಾಗ ನೆಲಕ್ಕೆ ಕೈ ಊರಬೇಕಾಗುತ್ತಿದೆಯೇ? ಬಸ್ಸಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆನಿಸುತ್ತಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ಮೊಣಕಾಲು ಬಿಗಿದುಕೊಂಡಿದ್ದು, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲವಾಗುತ್ತಿದೆಯೇ? ಹಾಗಿದ್ದರೆ ಈ ಲೇಖನ ನಿಮಗಾಗಿ, ಅಥವಾ ನಿಮ್ಮ ಮನೆಯ ಹಿರಿಯರಿಗಾಗಿ.

ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ನಾಟಿ ಮಾಡುವವರು, ಹಿರೇಕೆರೂರಿನ ಹೊಲಗಳಲ್ಲಿ ಕಳೆ ತೆಗೆಯುವವರು, ಸವಣೂರಿನ ಎಲೆ ತೋಟಗಳಲ್ಲಿ ದುಡಿಯುವವರು, ಶಿಗ್ಗಾಂವಿಯಲ್ಲಿ ಗೌಂಡಿ ಕೆಲಸ, ಹಮಾಲಿ ಮಾಡುವವರು ದಿನಕ್ಕೆ ಎಷ್ಟು ಸಲ ಬಗ್ಗುತ್ತಾರೆ, ಕುಕ್ಕರಗಾಲಿನಲ್ಲಿ ಕೂರುತ್ತಾರೆ ಎಂದು ಎಣಿಸಿದವರಿಲ್ಲ. ಮನೆಯ ಹೆಂಗಸರು ನೆಲದ ಮೇಲೆ ಕುಳಿತೇ ರೊಟ್ಟಿ ಬಡಿಯುತ್ತಾರೆ, ಬಟ್ಟೆ ಒಗೆಯುತ್ತಾರೆ. ಐವತ್ತು ದಾಟುವ ಹೊತ್ತಿಗೆ ಇವರಲ್ಲಿ ಅನೇಕರಿಗೆ ಮೊಣಕಾಲು ತೊಂದರೆ ಕೊಡಲು ಶುರುಮಾಡುತ್ತದೆ. ಆಗ ಹೆಚ್ಚಿನವರಿಗೆ ಗೊತ್ತಿರುವುದು ಎರಡೇ ದಾರಿ: ನೋವಿನ ಗುಳಿಗೆ ನುಂಗುತ್ತಾ ಸಹಿಸುವುದು, ಇಲ್ಲವೇ ಕೀಲು ಬದಲಾಯಿಸುವ ದೊಡ್ಡ ಆಪರೇಷನ್. ಇವೆರಡರ ನಡುವೆ ಇನ್ನೂ ಹಲವು ದಾರಿಗಳಿವೆ. ಅವುಗಳಲ್ಲಿ ಕೆಲವು ನಿಜಕ್ಕೂ ಉಪಯುಕ್ತ, ಕೆಲವು ಬರೀ ಖರ್ಚು. ಯಾವುದು ಯಾವುದೆಂದು ತಿಳಿದಿದ್ದರೆ ಹಣವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಒಳಗೆ ಏನಾಗುತ್ತದೆ?

ತೊಡೆಯ ಎಲುಬು ಮತ್ತು ಕೆಳಗಾಲಿನ ಎಲುಬು ಸೇರುವಲ್ಲಿ ಎರಡೂ ತುದಿಗಳ ಮೇಲೆ ನುಣುಪಾದ ಮೃದ್ವಸ್ಥಿಯ ಪದರವಿದೆ. ವಯಸ್ಸು, ಹೆಚ್ಚಿದ ತೂಕ, ಹಳೆಯ ಪೆಟ್ಟು, ವರ್ಷಗಟ್ಟಲೆ ಮಂಡಿ ಮಡಚಿ ಮಾಡುವ ಕೆಲಸ ಇವೆಲ್ಲ ಸೇರಿ ಆ ಪದರ ಸವೆಯುತ್ತದೆ. ಒಳಪೊರೆ ಊದಿಕೊಳ್ಳುತ್ತದೆ, ನೀರು ತುಂಬುತ್ತದೆ. ಇದನ್ನೇ ವೈದ್ಯರು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ಇದು ಹೆಂಗಸರಲ್ಲಿ, ಅದರಲ್ಲೂ ಮುಟ್ಟು ನಿಂತ ಮೇಲೆ, ಹೆಚ್ಚು.

ಆದರೆ ಎಲ್ಲ ಮೊಣಕಾಲು ನೋವೂ ಸವೆತವಲ್ಲ. ಸಂಧಿವಾತ, ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಗೌಟ್, ಒಳಗಿನ ಗಾದಿ ಹರಿದಿರುವುದು, ಸೊಂಟದ ಕೀಲಿನ ತೊಂದರೆ ಕೂಡ ಮೊಣಕಾಲಿನಲ್ಲೇ ನೋವು ತೋರಿಸಬಹುದು. ಆದ್ದರಿಂದ ಮೊದಲ ಹೆಜ್ಜೆ ಸರಿಯಾದ ಪರೀಕ್ಷೆ. ಎಕ್ಸ್‌ರೇಯನ್ನು ನಿಂತ ಭಂಗಿಯಲ್ಲಿ ತೆಗೆಸಬೇಕು. ಮಲಗಿ ತೆಗೆದದ್ದರಲ್ಲಿ ಸವೆತ ಸರಿಯಾಗಿ ಕಾಣುವುದಿಲ್ಲ. ಎಲ್ಲರಿಗೂ ಎಂಆರ್‌ಐ ಬೇಕಿಲ್ಲ.

ಜ್ವರದೊಂದಿಗೆ ಮೊಣಕಾಲು ಬಿಸಿಯಾಗಿ, ಕೆಂಪಾಗಿ ಊದಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೊಣಕಾಲು ಮಡಚಿದಲ್ಲೇ ಸಿಕ್ಕಿಕೊಂಡರೆ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಮೊದಲ ಮೂರು ತಿಂಗಳು

ಯಾವ ಸೂಜಿಗೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ: ತೊಡೆಯ ಮುಂಭಾಗದ ಸ್ನಾಯುವನ್ನು ಗಟ್ಟಿಮಾಡುವುದು. ಆ ಸ್ನಾಯು ಗಟ್ಟಿಯಾದಷ್ಟೂ ಕೀಲಿನ ಮೇಲಿನ ಹೊರೆ ಹಗುರವಾಗುತ್ತದೆ. ಮೂರು ಸುಲಭ ವ್ಯಾಯಾಮಗಳು ಇಲ್ಲಿವೆ.

1. ಕಾಲು ಚಾಚಿ ಕುಳಿತು, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿಯಿರಿ. ಹೀಗೆ ಹತ್ತು ಸಲ.

2. ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿಟ್ಟು ಒಂದು ಗೇಣಿನಷ್ಟು ಎತ್ತಿ ಹಿಡಿಯಿರಿ, ನಿಧಾನ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ.

3. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನವಾಗಿ ಕುಳಿತುಕೊಳ್ಳಿ. ಐದರಿಂದ ಶುರುಮಾಡಿ.

ದಿನಾಲೂ ಮಾಡಿದರೆ ಆರರಿಂದ ಹನ್ನೆರಡು ವಾರಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ. ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆ. ನೋವು ಇರುವ ಕಾಲಿನ ಎದುರು ಕೈಯಲ್ಲಿ ಕೋಲು ಹಿಡಿಯುವುದು, ನೆಲಕ್ಕೆ ಕೂರುವ ಬದಲು ಮಣೆ ಅಥವಾ ಸ್ಟೂಲ್ ಬಳಸುವುದು, ಕಮೋಡ್ ಇಡಿಸುವುದು ನಾಚಿಕೆಯ ವಿಷಯವಲ್ಲ.

ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ಅವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ರಕ್ತದೊತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಹಚ್ಚುವ ಡೈಕ್ಲೋಫಿನಾಕ್ ಜೆಲ್ ಇದಕ್ಕಿಂತ ಸುರಕ್ಷಿತ. ಇನ್ನೊಂದು ಎಚ್ಚರಿಕೆ: ಸಂತೆಯಲ್ಲಿ, ಊರೂರು ತಿರುಗುವವರಲ್ಲಿ ಸಿಗುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ನಾಲ್ಕೇ ದಿನದಲ್ಲಿ ನೋವು ಮಾಯವಾಗುವುದು ಅದರಿಂದಲೇ. ಆಮೇಲೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ.

ಕೀಲಿಗೆ ಕೊಡುವ ಸೂಜಿಗಳು

ಸ್ಟಿರಾಯ್ಡ್ ಸೂಜಿ: ಕೀಲು ಊದಿ, ನೀರು ತುಂಬಿ, ನಡೆಯಲಾಗದಷ್ಟು ನೋವಿದ್ದಾಗ ತಜ್ಞ ವೈದ್ಯರು ಕೀಲಿನೊಳಗೆ ಕೊಡುವ ಈ ಸೂಜಿ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಆರಾಮ ಕೊಡಬಹುದು. ಆ ಅವಧಿಯನ್ನು ವ್ಯಾಯಾಮಕ್ಕೆ ಬಳಸಿಕೊಂಡರೆ ಮಾತ್ರ ಅದರ ಪೂರ್ಣ ಪ್ರಯೋಜನ. ಮತ್ತೆ ಮತ್ತೆ ಹಾಕಿಸಿಕೊಳ್ಳುವುದು ಸರಿಯಲ್ಲ. ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಈ ಸೂಜಿ ಪಡೆದವರಲ್ಲಿ ಮೃದ್ವಸ್ಥಿ ಹೆಚ್ಚು ಸವೆದದ್ದು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕಂಡಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸೂಜಿಯ ನಂತರ ಕೆಲವು ದಿನ ಸಕ್ಕರೆ ಏರುತ್ತದೆ; ಮೊದಲೇ ವೈದ್ಯರಿಗೆ ತಿಳಿಸಿ. ಕೀಲು ಬದಲಾವಣೆ ಆಪರೇಷನ್ ಹತ್ತಿರವಿದ್ದರೆ ಅದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಈ ಸೂಜಿ ಬೇಡ, ಸೋಂಕಿನ ಅಪಾಯ ಹೆಚ್ಚುತ್ತದೆ.

ಹೈಲುರಾನಿಕ್ ಆಸಿಡ್: ಜನ ಇದನ್ನು ‘ಎಣ್ಣೆ ಸೂಜಿ’, ‘ಜೆಲ್ ಸೂಜಿ’ ಎನ್ನುತ್ತಾರೆ. ಬೆಲೆ ಹೆಚ್ಚು, ಲಾಭ ಖಚಿತವಿಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಮಾರ್ಗಸೂಚಿ ಸವೆತಕ್ಕೆ ಇದನ್ನು ಕೊಡಬೇಡಿ ಎಂದೇ ಹೇಳುತ್ತದೆ.

ಪಿಆರ್‌ಪಿ: ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮೊಣಕಾಲಿಗೆ ಕೊಡುವ ವಿಧಾನ. ಕೆಲವು ಸಣ್ಣ ಅಧ್ಯಯನಗಳು ಲಾಭ ತೋರಿಸಿವೆ. ಆದರೆ 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂದಾಗ, ಒಂದು ವರ್ಷದ ನಂತರ ಪಿಆರ್‌ಪಿ ಪಡೆದವರಿಗೂ ಬರೀ ಉಪ್ಪುನೀರಿನ ಸೂಜಿ ಪಡೆದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಂಗಾರ ಅಡವಿಟ್ಟು ಮಾಡಿಸುವಂಥ ಚಿಕಿತ್ಸೆ ಇದಲ್ಲ.

ಸ್ಟೆಮ್ ಸೆಲ್: ಸವೆದ ಕೀಲು ಮತ್ತೆ ಬೆಳೆಯುತ್ತದೆ ಎಂಬ ಜಾಹೀರಾತು ನೋಡಿದರೆ ದೂರವಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಬಳಕೆಗೆ ಅವಕಾಶವಿರುವುದು ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ.

ನೋವಿನ ನರಕ್ಕೆ ಶಾಖ

ರೇಡಿಯೋ ಫ್ರೀಕ್ವೆನ್ಸಿ ಎಂಬ ಚಿಕಿತ್ಸೆಯಲ್ಲಿ ಕೀಲನ್ನು ತೆರೆಯುವುದಿಲ್ಲ. ಮೊಣಕಾಲಿನ ನೋವನ್ನು ಮಿದುಳಿಗೆ ಒಯ್ಯುವ ಸಣ್ಣ ನರಗಳ ಪಕ್ಕಕ್ಕೆ, ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ನೋಡುತ್ತಾ ಸೂಜಿ ಇಟ್ಟು ಶಾಖ ಕೊಡುತ್ತಾರೆ. ಸಾಮಾನ್ಯವಾಗಿ ಮೂರು ನರಗಳಿಗೆ ಇದನ್ನು ಮಾಡುತ್ತಾರೆ. ಅಲ್ಲಿಗಷ್ಟೇ ಮರಗಟ್ಟಿಸುವ ಮದ್ದು ಸಾಕು. ಅದೇ ದಿನ ಮನೆಗೆ ಬರಬಹುದು. ಈ ನರಗಳು ಕಾಲನ್ನು ಚಲಿಸುವ ನರಗಳಲ್ಲ, ಆದ್ದರಿಂದ ನಡಿಗೆಯ ಬಲ ಕುಂದುವುದಿಲ್ಲ.

ಒಳ್ಳೆಯ ವೈದ್ಯರು ಮೊದಲು ಮರಗಟ್ಟುವ ಮದ್ದನ್ನು ಮಾತ್ರ ಕೊಟ್ಟು ಪರೀಕ್ಷಿಸುತ್ತಾರೆ. ಅದರಿಂದ ನೋವು ಅರ್ಧಕ್ಕಾದರೂ ಇಳಿದರೆ ಮಾತ್ರ ಮುಂದುವರಿಯುತ್ತಾರೆ. ಲಾಭವಾದವರಿಗೆ ಆರು ತಿಂಗಳು, ಕೆಲವರಿಗೆ ಒಂದು ವರ್ಷ ಆರಾಮ ಸಿಗುತ್ತದೆ. ನರ ಮತ್ತೆ ಬೆಳೆದಾಗ ನೋವು ಮರಳಬಹುದು. ಇದರಿಂದ ಸವೆತ ವಾಸಿಯಾಗುವುದಿಲ್ಲ, ನೋವು ಮಾತ್ರ ತಗ್ಗುತ್ತದೆ. ಹೃದಯದ ತೊಂದರೆಯಿಂದಲೋ ವಯಸ್ಸಿನಿಂದಲೋ ದೊಡ್ಡ ಆಪರೇಷನ್ ತಡೆಯಲಾರದವರಿಗೆ ಇದು ಯೋಗ್ಯ ದಾರಿ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು.

ದುರ್ಬೀನಿನ ಆಪರೇಷನ್

ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸುವ ಆರ್ತ್ರೋಸ್ಕೋಪಿ, ಲಿಗಮೆಂಟ್ ಹರಿದ ಯುವಕರಿಗೆ, ಮೊಣಕಾಲು ಸಿಕ್ಕಿಕೊಳ್ಳುವವರಿಗೆ ಬಹಳ ಉಪಯೋಗಿ. ಆದರೆ ವಯಸ್ಸಿನ ಸವೆತಕ್ಕೆ ‘ಒಳಗೆ ತೊಳೆದು ಸ್ವಚ್ಛ ಮಾಡುತ್ತೇವೆ’ ಎಂದರೆ ಯೋಚಿಸಿ. 2002ರಲ್ಲಿ ಅಮೆರಿಕದಲ್ಲಿ 180 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಈ ತೊಳೆತಕ್ಕೂ ಬರೀ ಚರ್ಮ ಕೊಯ್ದು ಹೊಲಿದದ್ದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ.

ಕೀಲು ಪೂರಾ ಸವೆದು, ಕಾಲು ಬಾಗಿ, ರಾತ್ರಿ ನಿದ್ದೆಗೂ ತೊಡಕಾದರೆ ಕೀಲು ಬದಲಾವಣೆಯನ್ನು ಹೆದರಿ ಮುಂದೂಡಬೇಡಿ. ಕೃತಕ ಕೀಲು ಹೆಚ್ಚಿನವರಲ್ಲಿ ಹದಿನೈದು, ಇಪ್ಪತ್ತು ವರ್ಷ ಬಾಳುತ್ತದೆ. ಅದರ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲೇ ಮಿತಿ ಹಾಕಿದೆ; ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ನಮಾಝ್, ರೋಜಾ, ಹಜ್ಜ್

ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ಮಾಡುವ ರಿಯಾಯಿತಿ ನಮ್ಮ ದೀನಿನಲ್ಲಿದೆ. ಊದಿದ ಮೊಣಕಾಲನ್ನು ಬಲವಂತವಾಗಿ ಮಡಚಿ ಹಾನಿ ಹೆಚ್ಚಿಸಿಕೊಳ್ಳಬೇಡಿ. ಕುರ್ಚಿಯ ನಮಾಝಿನ ವಿವರಗಳನ್ನು ನಿಮ್ಮ ಇಮಾಮರಲ್ಲಿ ಕೇಳಿ. ಹಾಗೆಂದು ಸಣ್ಣ ನೋವಿಗೇ ಕುರ್ಚಿ ಹಿಡಿದರೆ ಸ್ನಾಯು ಸೊರಗುತ್ತದೆ. ಆಗುವಷ್ಟು ಚಲನೆ ಇರಲಿ.

ರಮಝಾನಿನಲ್ಲಿ ನೋವಿನ ಗುಳಿಗೆಯನ್ನು ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಡಿ. ಹಗಲಿಡೀ ನೀರಿಲ್ಲದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಇನ್ನಷ್ಟು ಭಾರ. ತುರ್ತಿಲ್ಲದ ಸೂಜಿಯನ್ನು ರಮಝಾನಿನ ಮುಂಚೆ ಅಥವಾ ನಂತರಕ್ಕೆ ಇಟ್ಟುಕೊಳ್ಳುವುದು ಅನುಕೂಲ. ಹಜ್ಜ್ ಅಥವಾ ಉಮ್ರಾಕ್ಕೆ ಹೊರಡುವವರು ಸಫಾ–ಮರ್ವಾ ನಡುವಿನ ಏಳು ಸುತ್ತೇ ಸುಮಾರು 3 ಕಿಲೋಮೀಟರ್ ಎಂಬುದನ್ನು ನೆನಪಿಡಿ. ಹೊರಡುವ ವಾರ ಸೂಜಿ ಹುಡುಕುವ ಬದಲು ಮೂರು ತಿಂಗಳ ಮುಂಚೆ ವ್ಯಾಯಾಮ, ನಡಿಗೆ ಶುರುಮಾಡಿ. ಅಲ್ಲಿ ಗಾಲಿಕುರ್ಚಿಯ ವ್ಯವಸ್ಥೆಯೂ ಇದೆ.

ಪರದೆಯ ಸಂಕೋಚದಿಂದ ಎಷ್ಟೋ ತಾಯಂದಿರು ವರ್ಷಗಟ್ಟಲೆ ನೋವು ನುಂಗುತ್ತಾರೆ. ಪರೀಕ್ಷೆಗೆ ಮೊಣಕಾಲಷ್ಟೇ ತೆರೆದರೆ ಸಾಕು. ನರ್ಸ್ ಅಥವಾ ಮನೆಯವರು ಜೊತೆಗಿರಲಿ ಎಂದು ಕೇಳುವುದು ನಿಮ್ಮ ಹಕ್ಕು. ಗಂಡು ಮಕ್ಕಳೇ, ಅಮ್ಮನ ನಡಿಗೆಯನ್ನು ಒಮ್ಮೆ ಗಮನಿಸಿ ನೋಡಿ. ಅವರು ಕೇಳುವವರೆಗೆ ಕಾಯಬೇಡಿ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು?

ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್) ಚೀಟಿ ಪಡೆಯಬಹುದು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಹಣ ಕಟ್ಟುವ ಮುಂಚೆಯೇ ವಿಚಾರಿಸಿ. ರೆಫರಲ್ ಚೀಟಿ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ತೊಂದರೆಯಾಗಬಹುದು.

ಯಾವ ಸೂಜಿಗೂ ಒಪ್ಪುವ ಮುಂಚೆ ಈ ಐದು ಪ್ರಶ್ನೆ ಕೇಳಿ:

1. ನನ್ನ ನೋವಿನ ಕಾರಣ ಖಚಿತವಾಗಿ ಏನು?
2. ಈ ಮದ್ದಿನ ಹೆಸರೇನು? ಚೀಟಿಯಲ್ಲಿ ಬರೆದುಕೊಡುವಿರಾ?
3. ಆರಾಮ ಎಷ್ಟು ತಿಂಗಳು? ಎಷ್ಟು ಸಲ ಬೇಕಾಗುತ್ತದೆ?
4. ನನ್ನ ಸಕ್ಕರೆ, ಬಿಪಿ, ಹೃದಯದ ಗುಳಿಗೆಗಳಿಗೆ ತೊಡಕಿದೆಯೇ?
5. ಒಟ್ಟು ಖರ್ಚೆಷ್ಟು? ಮಾಡಿಸದಿದ್ದರೆ ಏನಾಗುತ್ತದೆ?

ಉತ್ತರ ಕೊಡಲು ಹಿಂಜರಿಯುವವರಲ್ಲಿ, ‘ಇವತ್ತೇ ಮಾಡಿಸಿದರೆ ರಿಯಾಯಿತಿ’ ಎನ್ನುವವರಲ್ಲಿ ಅವಸರಪಡಬೇಡಿ. ಮೊಣಕಾಲು ಸವೆಯಲು ವರ್ಷಗಳು ಹಿಡಿದಿವೆ. ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕೆ ಒಂದು ವಾರ ಕಾದರೆ ನಷ್ಟವಿಲ್ಲ. ವ್ಯಾಯಾಮಕ್ಕೆ ಮಾತ್ರ ಕಾಯುವುದು ಬೇಡ. ಅದನ್ನು ಇಂದೇ, ಈ ಪುಟ ಮಡಚಿದ ಕೂಡಲೇ ಶುರುಮಾಡಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ.