‘ಅಪರಾಧ’ ಶಬ್ದದ ಅರ್ಥವಿಚಾರ

ಸೈದಾಪುರದ ಪೊಲೀಸ್ ಠಾಣೆಯಲ್ಲಿ ಫಿರ್ಯಾದಿ ದಾಖಲಾದರೆ ಅದಕ್ಕೆ ‘ಗುನ್ನೆ ನಂಬರ’ ಬೀಳುತ್ತದೆ. ಯಾದಗಿರಿ, ಕಲಬುರಗಿ ಸೀಮೆಯ ಠಾಣೆಗಳಲ್ಲಿ ಇದೇ ರೂಢಿ. 1948ರವರೆಗೆ ಈ ನಾಡು ನಿಜಾಮರ ಆಳಿಕೆಯಲ್ಲಿದ್ದು, ಕಚೇರಿಯ ಭಾಷೆ ಉರ್ದುವಾಗಿದ್ದುದರಿಂದ ಇಂಥ ಮಾತುಗಳು ಇಲ್ಲಿ ಆಳವಾಗಿ ಬೇರೂರಿದವು. ಆದರೆ ಇದರಲ್ಲಿರುವ ವಿಚಿತ್ರವೊಂದನ್ನು ವಾಚಕರು ಗಮನಿಸಬೇಕು. ‘ಗುನ್ನೆ’ಯ ಮೂಲವಾದ ‘ಗುನಾಹ್’ ಪಾರಸಿಯ ಶಬ್ದ. ಉರ್ದುವಿನಲ್ಲಿ ಅದರ ಮುಖ್ಯಾರ್ಥ ಪಾಪವೆಂದು. ಕಾನೂನಿನ ತಪ್ಪಿಗೆ ಅಲ್ಲಿ ‘ಜುರ್ಮ್’ ಎಂಬ ಬೇರೆ ಶಬ್ದವಿದೆ. ನಮ್ಮ ‘ಜುಲ್ಮಾನೆ’ ಅದರ ಸಂತತಿ. ಕನ್ನಡಕ್ಕೆ ಬರುವಾಗ ಪಾಪವಾಚಕವೇ ಠಾಣೆಯ ದಫ್ತರವನ್ನು ಸೇರಿತು!

‘ಅಪರಾಧ’ ಶಬ್ದವೂ ಮೊದಲು ದಂಡನೆಯನ್ನು ಸೂಚಿಸುತ್ತಿರಲಿಲ್ಲ. ಸಂಸ್ಕೃತದ ‘ರಾಧ್’ ಧಾತುವಿಗೆ ಸಿದ್ಧಿಸು, ಸಾಧಿಸು ಎಂದರ್ಥ. ‘ಆರಾಧನೆ’ ಹುಟ್ಟಿದ್ದು ಅದರಿಂದಲೇ. ‘ಅಪ’ ಸೇರಿದಾಗ ಅದು ಗುರಿ ತಪ್ಪುವಿಕೆಯಾಗುತ್ತದೆ. ಬಾಣ ಗುರಿ ತಪ್ಪಿದ ಬಿಲ್ಲಾಳನ್ನು ಅಮರಕೋಶವು ‘ಅಪರಾದ್ಧಪೃಷತ್ಕ’ನೆಂದು ಕರೆದಿದೆ. ಶ್ರೀ ಕುಂದಕುಂದಾಚಾರ್ಯರು ಸಮಯಸಾರದ ಮೋಕ್ಷಾಧಿಕಾರದಲ್ಲಿ ರಾಧ, ಸಿದ್ಧ, ಸಾಧಿತ, ಆರಾಧಿತ ಇವೆಲ್ಲ ಏಕಾರ್ಥವೆಂದು ತಿಳಿಸಿ, ರಾಧವು ತೊಲಗಿದ ಆತ್ಮವನ್ನೇ ಅಪರಾಧವೆಂದಿದ್ದಾರೆ. ಅದಕ್ಕೆ ಮುನ್ನ ಅವರು ಕೊಡುವ ದೃಷ್ಟಾಂತವು ಲೋಕಾನುಭವದ್ದು: ಕಳವು ಮಾಡಿದವನು ಯಾರಾದರೂ ಹಿಡಿದು ಕಟ್ಟಿಯಾರೆಂಬ ಶಂಕೆಯಿಂದ ಊರಲ್ಲಿ ತಿರುಗುತ್ತಾನೆ, ಮಾಡದವನಿಗೆ ಆ ಚಿಂತೆ ಹುಟ್ಟುವುದೇ ಇಲ್ಲ. ದಫ್ತರದಲ್ಲಿ ಹೆಸರು ಬೀಳುವ ಮೊದಲೇ ಕಳ್ಳನು ಅಪರಾಧದಲ್ಲಿದ್ದಾನೆ.

ನಮ್ಮ ಮನೆಮಾತಿನಲ್ಲಿ ಈ ಶಬ್ದದ ತೂಕ ಕೆಟ್ಟಿದೆ. ಏಕಾಶನದ ದಿನ ಮಗುವೊಂದು ಮರೆತು ಎರಡನೆಯ ಸಲ ಉಂಡರೆ ‘ಎಂಥ ಅಪರಾಧ ಮಾಡಿದೆ!’ ಎಂದು ಗದರಿಸುವ ಹಿರಿಯರುಂಟು. ವ್ರತದ ಪರಿಭಾಷೆ ಇದಕ್ಕಿಂತ ಸೂಕ್ಷ್ಮವಾದುದು. ಮನಶ್ಶುದ್ಧಿ ಕೆಡುವುದು ಅತಿಕ್ರಮ, ಶೀಲದ ಬೇಲಿ ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲಿಯೇ ಆಸಕ್ತನಾಗುವುದು ಅನಾಚಾರ ಎಂದು ಅಮಿತಗತಿ ಆಚಾರ್ಯರು ಮೆಟ್ಟಿಲು ಮಾಡಿ ತೋರಿಸಿದ್ದಾರೆ. ಮರೆತ ಮಗುವಿನ ಮೇಲೆ ಕೊನೆಯ ಮೆಟ್ಟಿಲನ್ನು ಹೊರಿಸುವುದು ಯಾವ ನ್ಯಾಯ?

ಇತ್ತ ಅಂಗಡಿಯಲ್ಲಿ ಇದಕ್ಕೆ ವಿಪರೀತ. ಕಳವಿನ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಲಬೆರಕೆ ಮಾಡುವುದು ಇವನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ‘ಅತಿಚಾರ ತಾನೇ’ ಎಂದು ಹಗುರವಾಗಿ ಎಣಿಸುವಂತಿಲ್ಲ. ಕಳವಿನದೆಂದು ತಿಳಿದು ಮಾಲು ಕೊಳ್ಳುವುದು 1860ರ ದಂಡಸಂಹಿತೆಯಲ್ಲಿಯೂ ಅಪರಾಧವಾಗಿತ್ತು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಪರಾಧವೇ.

ಇನ್ನೊಂದು ಮಾತು. ಗುನ್ನೆ ನಂಬರ ಬಿದ್ದ ಮಾತ್ರಕ್ಕೆ ಯಾರೂ ಅಪರಾಧಿಯಾಗರು. ನ್ಯಾಯಾಲಯವು ನಿರ್ಣಯಿಸುವವರೆಗೆ ಆತ ಆರೋಪಿ. ಆದರೆ ಸುದ್ದಿಯು ಠಾಣೆಯಿಂದ ಓಣಿಗೆ ಬರುವಷ್ಟರಲ್ಲಿ ಈ ಭೇದ ಅಳಿದಿರುತ್ತದೆ, ಮುಂದೆ ಆತ ನಿರ್ದೋಷಿಯೆಂದು ಬಿಡುಗಡೆಯಾದರೂ ಓಣಿಯ ತೀರ್ಪು ಬದಲಾಗದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪರಿವಾದ, ಪೈಶುನ್ಯಗಳನ್ನು ಸತ್ಯಾಣುವ್ರತದ ಅತಿಚಾರಗಳೆಂದು ಹೇಳಿರುವುದು ಇಂಥ ಮಾತಿಗೂ ಸಲ್ಲುತ್ತದೆ.