ಆಯ್ಕೆ ಆಕೆಯದು

ಕೌಟುಂಬಿಕ ದೌರ್ಜನ್ಯಕ್ಕೆ ಸಿಲುಕಿದ ಹೆಣ್ಣುಮಕ್ಕಳಿಗೆ ನೆರವಾಗಲು ಬಂದಿದ್ದೀರಿ. ಕಾನೂನು ಗೊತ್ತಿಲ್ಲವೆಂದು ಅಳುಕಬೇಡಿ. ಮೊದಲು ಕೇಳಿಸಿಕೊಳ್ಳುವುದನ್ನು ಕಲಿಯೋಣ.

ಒಬ್ಬಾಕೆ ನಿಮ್ಮೆದುರು ಕೂತಿದ್ದಾರೆ ಅಂದುಕೊಳ್ಳಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, 'ಹೊಡೆಯೋದೇನಿಲ್ಲ ಮೇಡಂ, ಸಂಬಳ ಪೂರ್ತಿ ಕಿತ್ಕೋತಾರೆ' ಎನ್ನುತ್ತಾರೆ. ಇದೂ ದೌರ್ಜನ್ಯವೇ? ಹೌದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಹೊಡೆತವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೈಂಗಿಕ ಹಿಂಸೆ, ಹೀನಾಯ ಮಾತು, ಹಣ ಕಸಿಯುವುದು, ಖರ್ಚಿಗೆ ಕೊಡದಿರುವುದು ಎಲ್ಲವೂ ಅದರೊಳಗೆ ಬರುತ್ತವೆ. ಇದನ್ನು ಆಕೆಗೆ ಹೇಳಿ. ತನ್ನ ಸಂಕಟಕ್ಕೆ ಕಾನೂನಿನಲ್ಲೂ ಹೆಸರಿದೆ ಎಂದು ತಿಳಿದ ಮೇಲೆ ಎಷ್ಟೋ ಜನ ತಲೆಯೆತ್ತಿ ಮಾತಾಡುತ್ತಾರೆ.

ಎರಡು ಮಾತುಗಳನ್ನು ಮಾತ್ರ ನಾಲಿಗೆಯಲ್ಲೇ ತಡೆದುಕೊಳ್ಳಿ. 'ಹೊಂದಿಕೊಂಡು ಹೋಗಮ್ಮ' ಎಂಬುದು ಒಂದು. 'ಇವತ್ತೇ ಬಿಟ್ಟು ಬಾ' ಎಂಬುದು ಇನ್ನೊಂದು. ಎರಡನೆಯದು ಕಾಳಜಿಯಿಂದಲೇ ಬರುತ್ತದೆ, ಆದರೂ ತಪ್ಪು. ಮನೆ ಬಿಡುವ ಹೊತ್ತು ಹಲವು ಸಲ ಎಲ್ಲಕ್ಕಿಂತ ಅಪಾಯದ ಹೊತ್ತು. ಆ ಮನೆಯ ಹಗಲು ರಾತ್ರಿ ಆಕೆಗೆ ಗೊತ್ತು, ನಮಗಲ್ಲ. ನೊಂದವರನ್ನು ಕೇಂದ್ರವಾಗಿಟ್ಟ ಬೆಂಬಲವೆಂದರೆ ಇಷ್ಟೇ: ದಾರಿಗಳನ್ನು ನಾವು ತಿಳಿಸುತ್ತೇವೆ, ಆರಿಸುವವರು ಆಕೆ.

ಆ ದಾರಿಗಳು ಯಾವುವು? 181 ಮಹಿಳಾ ಸಹಾಯವಾಣಿ ಹಗಲಿರುಳೂ ಇದೆ. 'ಸಖಿ' ಒನ್ ಸ್ಟಾಪ್ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್, ವಕೀಲರು, ಆಪ್ತಸಮಾಲೋಚಕರ ನೆರವು ಒಂದೇ ಕಡೆ ಸಿಗುತ್ತದೆ. ಐದು ದಿನದವರೆಗೆ ತಂಗಬಹುದು. ಇನ್ನು ಸಂರಕ್ಷಣಾಧಿಕಾರಿ. ನೊಂದವರ ದೂರನ್ನು ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ತಲುಪಿಸಲು ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ ಇವರು. ನಮ್ಮ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಸಿಡಿಪಿಒ ಅವರೇ, ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಈ ಹೊಣೆ ಹೊತ್ತಿರುತ್ತಾರೆ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ.

ಒಂದನ್ನಂತೂ ಮರೆಯದೆ ತಿಳಿಸಿ: ಮನೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಕಾಯ್ದೆಯ 17ನೇ ಕಲಮು ಹೇಳುವುದು ಇದನ್ನೇ.

ಮನೆಗೆ ಹಿಂದಿರುಗುವೆನೆಂದರೆ ಸುರಕ್ಷತೆಯ ಯೋಜನೆಯನ್ನು ಇಬ್ಬರೂ ಕೂತು ಮಾಡಿ. ಆಧಾರ್, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ, ಮಾತ್ರೆ, ಒಂದಿಷ್ಟು ಹಣ ಒಂದೇ ಚೀಲದಲ್ಲಿರಲಿ. ನಂಬಿಕೆಯ ನೆರೆಮನೆಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

ತಿಂಗಳ ನಂತರ ಆಕೆ ಮತ್ತೆ ಬಂದರೆ 'ಆಗಲೇ ಹೇಳಿದ್ದೆನಲ್ಲ' ಎನ್ನಬೇಡಿ. ಕುರ್ಚಿ ಎಳೆದು ಕೂರಿಸಿ, ನೀರು ಕೊಡಿ, ಮೊದಲಿನಿಂದ ಕೇಳಿಸಿಕೊಳ್ಳಿ.